ಕಂಟ್ರೋಲರ್ ಕಾಕಾನ ಮಂದಿ

ಕಂಟ್ರೋಲರ್ ಕಾಕಾನ ಎಡಗೆನ್ನೆ ಬಲಗೆನ್ನೆಗಿಂತ ತುಸು ಉಬ್ಬಿಕೊಂಡೇ ಇರುತ್ತಿತ್ತು. ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿದ ತಂಬಾಕು ಬೆಳಗ್ಗೆ ಎದ್ದಾಗಿನಿಂದ ಮಲಗುವತನಕ ಅಲ್ಲಿ ಮನೆ ಮಾಡಿರುತ್ತಿತ್ತು. ಮಾತಾಡಬೇಕಾಗಿ ಬಂದರೆ ಅದನ್ನು ಉಗುಳುತ್ತಿರಲಿಲ್ಲ. ನಾಲಿಗೆಯಿಂದ ಒಂದು ಬದಿಗೆ ಸರಿಸಿ, ಗಂಟಲು ಸರಿಮಾಡಿಕೊಂಡು, ಮೈಕು ಬಾಯಿಗೆ ಹಿಡಿಯುತ್ತಿದ್ದರು. ಆಮೇಲೆ ಸುರಪುರ ಬಸ್‌ಸ್ಟ್ಯಾಂಡಿನ ತುಂಬ ಅವರದೇ ದನಿ. "ಶಹಾಪುರ, ಯಾದಗಿರಿ ಕಡಿ ಹೋಗೂ ಬಸ್ಸು ಹೊಂಡಾಕತ್ತದ. ಕೊಡೇಕಲ್‌ಗೆ ಹೋಗೋರು ಇದರಾಗ ಹತ್ತಬ್ಯಾಡ್ರಿ, ನಿಮ್ಮ ಗಾಡಿ ಇನ್ನಾ ಬಂದಿಲ್ಲ. ಯಜಮಾನ್ರ, ನಿಮಗ ಹೇಳಾಕತ್ತೇನಿ, ಇಳೀರಿ ಕೆಳಗ."

ಬಸ್ಸು ಬಂದದ್ದು ಹೋದದ್ದು ನೋಡಿಕೊಂಡು ಜನರಿಗೆ ಕೂಗಿ ಹೇಳುವುದು ಅವರ ನೌಕರಿ. ನಾವು ಅವರ ಪಕ್ಕದ ಮನೆಯವರು. ನಾನು ಶಹಾಪುರದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಶಿಯನ್. ದಿನಾ ಅವರ ದನಿ ಕೇಳಿಯೇ ಬಸ್ಸು ಹತ್ತುತ್ತಿದ್ದವಳು. ತಡವಾಗಿ ಓಡಿ ಬರುವುದು ಕಂಡರೆ ಮೈಕಿನಲ್ಲೇ, "ಡ್ರೈವರ್ ಸಾಹೇಬ್ರ, ಜರಾ ತಡೀರಿ, ನಮ್ಮ ರಕ್ತಾ ಹೀರೂ ಮಗಳು ಬರಾಕತ್ಯಾಳ" ಎಂದು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಹೇಳಿ ನನ್ನ ಮಾನ ಕಳೆಯುತ್ತಿದ್ದರು. ಬಸ್ಸಿನಲ್ಲಿ ಕೂತವರೆಲ್ಲ ನನ್ನ ಮುಖ ನೋಡಿ ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಬಸ್ಸು ತಪ್ಪುತ್ತಿರಲಿಲ್ಲ.

ಕರೋನಾ ಬಂದು ಬಸ್ಸುಗಳು ನಿಂತಾಗ ಕಾಕಾ ಮನೆಯಲ್ಲಿ ಕೂತು ಹುಚ್ಚು ಹಿಡಿದವರಂತಾದರು. ಕೂಗಿ ಹೇಳಲು ಏನೂ ಇಲ್ಲ. ಅವರ ಹೆಂಡತಿಯನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಆಕೆ ಒಂದು ದಿನ ನಮ್ಮವ್ವನ ಮುಂದೆ, "ಅಡಗಿಮನಿ ಬಾಗಲದಾಗ ನಿಂತು, ಸಾರು ಕುದಿಯಾಕತ್ತದ, ಇಳಿಸೋರು ಇಳಿಸ್ರಿ ಅಂತ ಒದರ್ತಾರವ್ವಾ ಇವ್ರು" ಎಂದು ನಗುತ್ತ ಅಳುತ್ತ ಹೇಳಿದರು.

ಆಗ ನಮ್ಮ ಓಣಿಯ ಮೊಬೈಲ್ ಅಂಗಡಿಯವನು ಒಂದು ಆಟ ತಂದ. ಹೊರದೇಶದ ಕೆಲವರು ಮೇಜಿನ ಸುತ್ತ ಕೂತು ಬರಿಯ ಮಾತಿನಲ್ಲೇ ಕಥೆ ಕಟ್ಟುತ್ತ ದಾಳ ಉರುಳಿಸುವ ವಿಡಿಯೋ ಅವನ ಫೋನಿನಲ್ಲಿತ್ತು. ಆಡುವವರು ಒಬ್ಬೊಬ್ಬರೂ ಒಂದೊಂದು ಪಾತ್ರ ತೆಗೆದುಕೊಂಡು ಆ ಕಥೆಯೊಳಗೆ ತಿರುಗಾಡುತ್ತಾರೆ. ಒಬ್ಬರು ಮಾತ್ರ ಆಟ ನಡೆಸುವವರು. ಆಡುವವರಿಗೆ ದಾರಿಯಲ್ಲಿ ಯಾರು ಸಿಕ್ಕರೂ, ಸುಂಕದವನಿರಲಿ, ಕಳ್ಳನಿರಲಿ, ದೊರೆಯೇ ಇರಲಿ, ಅವರೆಲ್ಲರ ಮಾತನ್ನೂ ಆ ಒಬ್ಬರೇ ಆಡಬೇಕು. ಹೊಡೆದಾಟದಲ್ಲಿ ಗೆದ್ದೆವೋ ಸೋತೆವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ಹೇಳುತ್ತದೆ. ಆಡಲು ನಾವು ಮೂವರಾದೆವು: ಮೊಬೈಲ್ ಅಂಗಡಿಯವನು, ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಡಂ, ನಾನು. ನಡೆಸುವವರು ಯಾರು ಎಂದು ಯಾರೂ ಕೇಳಲೇ ಇಲ್ಲ. ಊರಿನಲ್ಲಿ ಅಷ್ಟು ದನಿ ಇದ್ದದ್ದು ಕಾಕಾನೊಬ್ಬರಿಗೇ.

ಪ್ರತಿ ಪಾತ್ರಕ್ಕೂ ಒಂದು ಹಾಳೆ ಇರಬೇಕೆಂದು ವಿಡಿಯೋದಲ್ಲಿತ್ತು. ಬಲ ಎಷ್ಟು, ಚುರುಕು ಎಷ್ಟು, ಬುದ್ಧಿ ಎಷ್ಟು ಎಂದು ಉದ್ದಕ್ಕೂ ಅಂಕಿ ಬರೆಯುವ ಹಾಳೆ. ನಮ್ಮ ಮೂವರ ಪಾತ್ರಕ್ಕೆ ಹಾಗೆಯೇ ಮಾಡಿಕೊಂಡೆವು. ದಾರಿಯಲ್ಲಿ ಸಿಗುವ ಚಿಲ್ಲರೆ ಮಂದಿಗೆ ಹೆಸರೂ ಬೇಡ, ಬಲದ ಅಂಕಿಯೊಂದಿದ್ದರೆ ಸಾಕು ಎಂದು ಮೊಬೈಲ್ ಅಂಗಡಿಯವನು ಹೇಳಿದ. ಕಾಕಾ ಒಪ್ಪಲಿಲ್ಲ. "ಬರೇ ಅಂಕಿ ಬರಿಯಾಕ ಅಂವೇನು ಸಂತಿಗೆ ಹೊಂಟ ಎತ್ತೇನು?" ಎಂದರು. ಹಳೆಯ ಕ್ಯಾಲೆಂಡರುಗಳನ್ನು ಕತ್ತರಿಸಿ ಅವುಗಳ ಬೆನ್ನ ಮೇಲೆ ತಮ್ಮ ಮಂದಿಗೆ ಹಾಳೆ ಮಾಡತೊಡಗಿದರು. ಹೆಸರು, ಕೆಲಸ, ಎಷ್ಟು ಏಟು ತಡೆದಾನು. ಅದರ ಕೆಳಗೆ: ಇವನಿಗ ಏನು ಬೇಕಾಗ್ಯಾದ, ಯಾವುದಕ್ಕ ಹೆದರ್ತಾನ, ಯಾರ ಮುಂದ ಸುಳ್ಳು ಹೇಳ್ತಾನ. ಕಡೆಯ ಸಾಲು ಅವರದೇ ಸ್ವಂತದ್ದು: ತಂಬಾಕು ಎಲ್ಲಿ.

ಅದನ್ನು ಮೊದಲು ನೋಡಿ ಮೂವರೂ ನಕ್ಕಿದ್ದೆವು. ಆಟಕ್ಕೆ ಕೂತ ಮೇಲೆ ಗೊತ್ತಾಯಿತು. ತಂಬಾಕನ್ನು ಕೆಳತುಟಿಯ ಹಿಂದೆ ಇಟ್ಟರೆ ಕೋಟೆಯ ಹವಾಲ್ದಾರನ ದನಿ. ನಾಲಿಗೆಯ ಕೆಳಗೆ ಅದುಮಿದರೆ ಮಾತು ತೊದಲುವ ಕಳ್ಳ. ಮೇಲಿನ ದವಡೆಗೆ ಒತ್ತಿದರೆ ಮೂಗಿನಲ್ಲಿ ಮಾತಾಡುವ ದಿವಾನ. ಯಾರು ಬಂದರು ಎಂದು ಕಾಕಾ ಹೇಳಬೇಕಾಗುತ್ತಿರಲಿಲ್ಲ. ಅವರ ಕೆನ್ನೆಯ ಉಬ್ಬು ಸರಿದರೆ ಸಾಕು, ಮೇಡಂ ಪಿಸುಮಾತಿನಲ್ಲಿ, "ಬಂದಾ ನೋಡ್ರಿ ದಿವಾನ" ಎನ್ನುತ್ತಿದ್ದರು.

ಮೊದಲ ವಾರಗಳಲ್ಲೊಮ್ಮೆ ಹೀಗಾಯಿತು. ಸುಂಕದ ಕಟ್ಟೆಯಲ್ಲಿ ಕಾವಲುಗಾರನೊಬ್ಬ ನಮ್ಮನ್ನು ತಡೆದ. ಮೊಬೈಲ್ ಅಂಗಡಿಯವನ ಪಾತ್ರ ಬೇಟೆಗಾರನದು. ಮಾತುಕತೆಯ ಗೋಜಿಗೆ ಹೋಗದೆ ಬಾಣ ಬಿಟ್ಟೆ ಎಂದ, ದಾಳ ಉರುಳಿಸಿದ, ಗೆದ್ದ. ಕಾವಲುಗಾರ ಬಿದ್ದ. ಕಾಕಾ ಆ ಕಾವಲುಗಾರನ ಹಾಳೆ ತೆಗೆದು ಓದಿದರು. ಅವನಿಗೂ ಹೆಸರಿತ್ತು. ಗೋಡೆಯ ಮೇಲಿನ ಹಲ್ಲಿಗೆ ಹೆದರುತ್ತಿದ್ದ. ಮಗಳ ಮದುವೆ ಮುಗಿಯುವತನಕ ಯಾರ ಹತ್ತಿರವೂ ಜಗಳ ಆಡಬಾರದು ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ಓದಿ ಹಾಳೆಯನ್ನು ಮೊಬೈಲ್ ಅಂಗಡಿಯವನ ಮುಂದೆ ಇಟ್ಟರು.

"ಹಾಳಿ ಹರಿ," ಎಂದರು.

"ಯಾಕ್ರಿ ಕಾಕಾ?"

"ನೀನ ಹೊಡದೀಯಲ್ಲ. ಅಂವ ಈಗ ಇಲ್ಲ. ಹರಿ."

ಅವನು ನಕ್ಕ, ನಮ್ಮ ಮುಖ ನೋಡಿದ, ಹಾಳೆ ಕೈಗೆ ತೆಗೆದುಕೊಂಡ. ಹರಿಯಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅಲ್ಲಿಂದ ಮುಂದೆ ನಮ್ಮ ಆಟದಲ್ಲಿ ಹೊಡೆದಾಟ ಕಮ್ಮಿಯಾಯಿತು. ಕತ್ತಿ ಹಿರಿದು ಬಂದವನಿಗೂ ಮೊದಲು ಊಟ ಆಯಿತೇ ಎಂದು ಕೇಳುವ ಮಟ್ಟಕ್ಕೆ ಬಂದೆವು. ವಿಡಿಯೋದವರು ನಮ್ಮ ಆಟ ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಬಸ್ಸು ಮತ್ತೆ ಶುರುವಾದ ಮೇಲೂ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕಾಕಾನ ಪಡಸಾಲೆಯಲ್ಲಿ ಸೇರುವುದು ನಿಲ್ಲಲಿಲ್ಲ.

ಆ ಮಂದಿಯಲ್ಲಿ ಒಬ್ಬಳು ಕುರಿ ಕಾಯುವ ಮುದುಕಿ. ಮೂರು ದಾರಿ ಕೂಡುವಲ್ಲಿ ತನ್ನ ಕುರಿಗಳ ಜೊತೆ ಕೂತಿರುತ್ತಾಳೆ. ಗಂಡ ದೊರೆಯ ದಂಡಿನ ಜೊತೆ ಹೋದವನು ತಿರುಗಿ ಬಂದಿಲ್ಲ. ಬಂದವರನ್ನೆಲ್ಲ, "ದಂಡು ತಿರುಗ್ಯಾದೇನ್ರೆಪಾ?" ಎಂದು ಕೇಳುತ್ತಾಳೆ, ಉತ್ತರ ಕೇಳುವ ಮೊದಲೇ ಕುಡಿಯಲು ಮಜ್ಜಿಗೆ ಕೊಡುತ್ತಾಳೆ. ಆಕೆಗಾಗಿ ಕಾಕಾ ತಂಬಾಕನ್ನು ಬಲಗೆನ್ನೆಯ ತೀರ ಹಿಂದಕ್ಕೆ ಒಯ್ಯುತ್ತಿದ್ದರು. ಮಾತು ಅರ್ಧ ಒಳಗೇ ಉಳಿದಂತೆ ಕೇಳುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ನೋಡಿ ಮಾಡಿದಿರಿ ಎಂದು ಕೇಳಿದ್ದೆ. ಉಳಿದವರಲ್ಲಿ ಬಹಳ ಮಂದಿ ಬಸ್‌ಸ್ಟ್ಯಾಂಡಿನಿಂದ ಬಂದವರೇ. "ಇಲ್ಲ, ಆಕಿ ಯಾರನ್ನೂ ನೋಡಿ ಮಾಡಿದ್ದಲ್ಲ. ತಾನ ಬಂದು ಕುಂತಾಳ" ಎಂದರು. ನಾವು ಯಾವ ಕೆಲಸಕ್ಕೆ ಹೊರಟಿದ್ದರೂ ಸುತ್ತು ಹಾಕಿ ಆ ಮೂರು ದಾರಿಯ ಮೇಲೆಯೇ ಹೋಗುತ್ತಿದ್ದೆವು. ದಂಡು ಎಲ್ಲಿದೆ ಎಂದು ಹುಡುಕುವುದೇ ಕೊನೆಗೆ ನಮ್ಮ ಕಥೆಯಾಯಿತು.

ಕಾಕಾನ ನಾಲಿಗೆಯ ಅಡಿಯ ಹುಣ್ಣನ್ನು ಮೊದಲು ನೋಡಿದವಳು ನಾನು. ಒಂದು ಭಾನುವಾರ ದಿವಾನನ ನಗು ನಗುತ್ತಿದ್ದಾಗ ಬಾಯಿಯೊಳಗೆ ಬಿಳಿಯ ಅಂಚಿನ ಗಾಯ ಕಂಡಿತು. ಎಷ್ಟು ದಿನವಾಯಿತು ಎಂದೆ. "ಸುಣ್ಣಾ ಸುಟ್ಟಾದ, ಹೋಗ್ತದ" ಎಂದರು. ನಾನು ಜಗಳ ಮಾಡಿದೆ. ಚಿಗವ್ವನಿಗೆ ಹೇಳಿದೆ. ತಂಬಾಕಿನ ಚೀಲ ಕಿತ್ತು ಗಟಾರಕ್ಕೆ ಎಸೆದೆ. ಸಂಜೆ ಹೊಸ ಚೀಲ ಬಂದಿತ್ತು. ಕಲಬುರಗಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿತ್ತು. ಅಲ್ಲಿನ ಡಾಕ್ಟರು ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಕಾಗದ ಓದಲು ನನಗೆ ಯಾರ ಸಹಾಯವೂ ಬೇಕಿರಲಿಲ್ಲ. ನನಗೆ ಆ ಓದು ಬಾರದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ನಾಲಿಗೆಯ ಬಹುಭಾಗ ತೆಗೆಯಬೇಕು ಎಂದರು ಡಾಕ್ಟರು. ಕಾಕಾ, "ಮಾತು?" ಎಂದು ಕೇಳಿದರು. ಡಾಕ್ಟರು ಜೀವ ಉಳಿಸುವ ಮಾತಾಡಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಶಹಾಪುರ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ನಂದು ಬಿಡು ಮಗಳ. ನನ್ನ ಮಂದೀದು ಏನು ಗತಿ?"

ನಾನು ಬಸ್‌ಸ್ಟ್ಯಾಂಡಿನ ಮಾತೆಂದುಕೊಂಡೆ. ಅವರು ಹೇಳುತ್ತಿದ್ದುದು ಹಾಳೆಯ ಮಂದಿಯ ಮಾತು.

ಆಪರೇಷನ್ನಿಗೆ ಮೊದಲು ಮೊಬೈಲ್ ಅಂಗಡಿಯವನು ಫೋನು ಮುಂದಿಟ್ಟುಕೊಂಡು ಎಲ್ಲರ ದನಿಯನ್ನೂ ರೆಕಾರ್ಡ್ ಮಾಡಿಸಿದ. ಬಾತ ನಾಲಿಗೆಯಲ್ಲೇ ಕಾಕಾ ಒಬ್ಬೊಬ್ಬರನ್ನಾಗಿ ಮಾತಾಡಿಸಿದರು. ಆಮೇಲೆ ಅದನ್ನು ಹಾಕಿಸಿ ಕೇಳಿದರು, ಮುಖ ಗಂಟು ಹಾಕಿದರು. "ಇದು ಅನೌನ್ಸ್ ಆತು ಬಿಡಪಾ. ತಾನು ಹೇಳೂದು ಹೇಳಿ ಸುಮ್ಮಾಗ್ತದ. ನೀ ಹೊಸಾದೇನರೆ ಕೇಳಿದ್ರ ಜವಾಬು ಎಲ್ಲಿಂದ ಬರ್ತದ?" ಎಂದರು. ಆಮೇಲೆ ಹಾಳೆಗಳನ್ನೇ ಉದ್ದ ಮಾಡತೊಡಗಿದರು. ಸಿಟ್ಟು ಬಂದಾಗ ಇವಳು ಏನು ಮಾಡುತ್ತಾಳೆ, ಹೊಗಳಿದರೆ ಯಾವ ಕಡೆ ನೋಡುತ್ತಾಳೆ, ಯಾವ ಶಬ್ದ ಇವಳ ಬಾಯಲ್ಲಿ ಬರುವುದೇ ಇಲ್ಲ, ಪ್ರಶ್ನೆ ಕೇಳಿದರೆ ಮೊದಲು ಕುರಿಗೆ ಬಯ್ದು ಆಮೇಲೆ ಉತ್ತರ ಕೊಡುತ್ತಾಳೆ. ಹಾಳೆಗೆ ಹಾಳೆ ಅಂಟಿಸಿ ಕೆಲವು ಮೊಳದುದ್ದ ಆದವು.

ನಡೆಸುವ ಕೆಲಸವನ್ನು ನನ್ನ ಮೇಲೆ ಹೊರಿಸಿದರು. ಅಲ್ಲಿಯವರೆಗೆ ಆಟದಲ್ಲಿ ನನ್ನದು ವೈದ್ಯೆಯ ಪಾತ್ರ; ಆಕೆ ಊರು ಬಿಟ್ಟು ಹೋದಳೆಂದು ಕಥೆಯಲ್ಲಿ ಬಂತು. ದನಿಗೆ ಏನು ಮಾಡುವುದು? ತಂಬಾಕು ನಾನು ಮುಟ್ಟುವವಳಲ್ಲ, ಅವರೂ ಮುಟ್ಟಗೊಡುವವರಲ್ಲ. ಬೆಲ್ಲದ ಹರಳು ಇಟ್ಟು ನೋಡಿದೆವು; ಹವಾಲ್ದಾರ ಬೈಯುತ್ತಿರುವಾಗಲೇ ಕರಗಿ ಹೋಗಿ ಅವನು ನಾನಾಗಿಬಿಟ್ಟ. ಕಾಕಾ ನೋವಿನಲ್ಲೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಹುಣಸೆಬೀಜವೇ ಸರಿ ಎಂದಾಯಿತು. "ಇನ್ನಷ್ಟು ಹಿಂದಕ್ಕ. ಹಾಂ, ಅಲ್ಲಿ. ಈಗ ಮಾತಾಡು" ಎಂದು ಕಲಿಸುತ್ತಿದ್ದರು. ಹವಾಲ್ದಾರ ಸ್ವಲ್ಪ ಬಂದ. ಕಳ್ಳನ ದನಿಯೂ ನಡೆಯುತ್ತಿತ್ತು. ಮುದುಕಿ ಬರಲೇ ಇಲ್ಲ. ಬೀಜ ಎಲ್ಲಿಟ್ಟರೂ ಬಾಯಿಯಲ್ಲಿ ಬೀಜ ಇಟ್ಟುಕೊಂಡ ನಾನೇ ಕೇಳುತ್ತಿದ್ದೆ.

ದಂಡು ಪೂರ್ತಿ ಅಳಿದಿದೆ ಎಂಬ ಸುದ್ದಿ ಕಥೆಯಲ್ಲಿ ಮುಂದೆ ಬರಲಿದೆ ಎಂದು ಕಾಕಾ ನನಗೊಬ್ಬಳಿಗೆ ಹೇಳಿದ್ದರು. ಅದು ಮುದುಕಿಗೆ ತಿಳಿದಾಗ ಆಕೆ ಏನನ್ನುತ್ತಾಳೆ, ಅಷ್ಟನ್ನು ಹಾಳೆಯಲ್ಲಿ ಬರೆದುಕೊಡಿ ಎಂದು ಕೇಳಿದೆ.

"ಅದು ಬರಿಯೂದಲ್ಲ ಮಗಳ. ನನಗೂ ಮೊದಲ ಗೊತ್ತಿರಂಗಿಲ್ಲ. ಆಕೀ ಬಾಯಾಗ ಬಂದಾಗ ನಾನೂ ಕೇಳ್ತೀನಿ."

ಅದೇ ದಿನಗಳಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಅವರ ಮಾತು ಜನಕ್ಕೆ ತಿಳಿಯದಂತಾಗಿತ್ತು. ಕಕ್ಕೇರಾಕ್ಕೆ ಹೋಗಬೇಕಾದ ಬಾಣಂತಿಯೊಬ್ಬಳು ಬೇರೆ ಬಸ್ಸು ಹತ್ತಿ, ನಡುದಾರಿಯಲ್ಲಿ ಇಳಿದು, ಕೂಸು ಎತ್ತಿಕೊಂಡು ಬಿಸಿಲಲ್ಲಿ ತಿರುಗಿ ಬಂದಳು. ಆಕೆ ಏನೂ ಬಯ್ಯಲಿಲ್ಲವಂತೆ. ಕಾಕಾ ಅವತ್ತೇ ಮೈಕನ್ನು ತಮ್ಮ ಕೈಕೆಳಗಿನವನಿಗೆ ಕೊಟ್ಟು ಮನೆಗೆ ಬಂದರು. ಮರುದಿನ ಕಲಬುರಗಿಗೆ ಹೊರಟೆವು.

ಆಪರೇಷನ್ ಆದ ಕಾಕಾನನ್ನು ಹೇಗೆ ಬಣ್ಣಿಸಲಿ? ಕೈಯ ಚರ್ಮ ತೆಗೆದು ನಾಲಿಗೆಯ ಜಾಗಕ್ಕೆ ಹೊಲಿದಿದ್ದರು. ಮೂಗಿನಿಂದ ನಳಿಕೆ, ಅದರಲ್ಲಿ ಗಂಜಿನೀರು. ಜೊಲ್ಲು ತಡೆಯಲಾಗದೆ ಹೆಗಲ ಮೇಲಿನ ಟವಲನ್ನು ಗಳಿಗೆಗೊಮ್ಮೆ ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಎಡಗೆನ್ನೆ ಒಳಗೆ ಹೋಗಿತ್ತು. ಚಿಗವ್ವ ಒಂದು ಪಾಟಿ ತಂದು ಕೊಟ್ಟಿದ್ದರು. ಬೇಕಾದ್ದನ್ನು ಬಳಪದಲ್ಲಿ ಬರೆದು ತೋರಿಸುತ್ತಿದ್ದರು. ಸ್ವಲ್ಪ ಎದ್ದು ಕೂರುವಂತಾದ ಕೂಡಲೇ ಪಾಟಿಯ ಮೇಲೆ ಬರೆದರು: ಭಾನುವಾರ ಆಟ.

ನಾವು ಬಂದೆವು. ಅವರು ಗೋಡೆಗೆ ಒರಗಿ ಕೂತರು, ನಾನು ಅವರ ಜಾಗದಲ್ಲಿ ಕೂತೆ. ಬೇಟೆಗಾರನೂ ಮೇಡಂ ಪಾತ್ರವೂ ಪಾಳುಬಿದ್ದ ಕೋಟೆ ಹೊಕ್ಕು ದಂಡಿನ ಗತಿ ಏನಾಯಿತೆಂದು ಕಂಡು ತಿರುಗಿ ಹೊರಟರು. ದಾರಿ ಮೂರು ದಾರಿ ಕೂಡುವಲ್ಲಿಗೇ ಬಂತು. ಮುದುಕಿಯ ಹಾಳೆ ನನ್ನ ಮುಂದಿತ್ತು. ಬೀಜ ಬಾಯಿಗಿಟ್ಟುಕೊಂಡು, "ದಂಡು ತಿರುಗ್ಯಾದೇನ್ರೆಪಾ?" ಎಂದೆ.

ಮೊಬೈಲ್ ಅಂಗಡಿಯವನು ದಾಳವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ: "ಇಲ್ಲ ಯಮ್ಮಾ. ದಂಡಿನಾಗ ಯಾರೂ ಉಳದಿಲ್ಲ. ಇನ್ನ ಯಾರೂ ಬರಂಗಿಲ್ಲ. ನಮ್ಮ ಕೂಡ ಬರ್ತಿಯೇನು?"

ನಾನು ಹಾಳೆ ನೋಡಿದೆ. ಮೊಳದುದ್ದದ ಹಾಳೆಯಲ್ಲಿ ಇದಕ್ಕೆ ಒಂದು ಅಕ್ಷರವಿರಲಿಲ್ಲ. "ಬರ್ತೀನಪಾ, ನಡೀರಿ" ಎಂದೆ. ಕಾಕಾ ಅಲ್ಲ ಎಂದು ತಲೆಯಾಡಿಸಿದರು. "ಇಲ್ಲ, ನಾ ಇಲ್ಲೇ ಇರ್ತೀನಿ" ಎಂದೆ. ಅದೂ ಅಲ್ಲ. "ಅಳ್ತಾಳೇನ್ರಿ?" ಎಂದು ಮೇಡಂ ಮೆಲ್ಲಗೆ ಕೇಳಿದರು. ಅಲ್ಲ, ಅಲ್ಲ. ಕಾಕಾ ಟವಲು ತೆಗೆದು ಮುಂದಕ್ಕೆ ಬಾಗಿದರು. ಬಾಯಿ ತೆರೆದರು. ಒಂದು ಸದ್ದು ಬಂತು. ನಮಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿ ಮತ್ತೆ ಪ್ರಯತ್ನಿಸಿದರು, ಕುತ್ತಿಗೆಯ ನರ ಎದ್ದು ನಿಂತವು. ಬಾಗಿಲಲ್ಲಿದ್ದ ಚಿಗವ್ವನ ಕಡೆ ಮೂವರೂ ನೋಡಿದೆವು. ಅವರೂ ತಿಳಿಯಲಿಲ್ಲವೆಂದು ತಲೆ ಅಲ್ಲಾಡಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಪಾಟಿ ಕೊಟ್ಟೆ. ಬರೆದರು, ನಾವು ಓದುವ ಮೊದಲೇ ಅಂಗೈಯಿಂದ ಒರೆಸಿದರು. ಮತ್ತೆ ಬರೆದು ಮತ್ತೆ ಒರೆಸಿದರು. ಬಳಪ ಕೆಳಗಿಟ್ಟರು.

ಬಾಯಿಗೆ ಬಂದದ್ದು ಅಂದುಬಿಟ್ಟೆ: "ತಡೀರೆಪಾ, ಕುರಿ ಹೊಡಕೊಂಡು ಬರ್ತೀನಿ."

ಕಾಕಾ ಹೌದೆಂದು ತಲೆ ಆಡಿಸಿದರು. ಮೊಬೈಲ್ ಅಂಗಡಿಯವನು ಉಸಿರು ಬಿಟ್ಟು ಚಪ್ಪಾಳೆ ತಟ್ಟಿದ, ಸಿಕ್ತಲ್ಲ ಎಂದ. ನಾನು ಕಾಕಾನ ಮುಖ ನೋಡುತ್ತಿದ್ದೆ. ಉತ್ತರ ಸಿಕ್ಕವರ ಮುಖ ಅದಾಗಿರಲಿಲ್ಲ. ಅವರಿಗೆ ಸಾಕಾಗಿತ್ತು. ನಮ್ಮ ಸಂಕಟ ನೋಡಲಾಗದೆ ಹೌದೆಂದರು, ಅಷ್ಟೆ. ಅವತ್ತು ಆಟ ಬೇಗ ಮುಗಿಯಿತು, ಮುಂದಿನ ಭಾನುವಾರ ಯಾರೂ ಹಾಳೆ ತೆಗೆಯಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ಕುತ್ತಿಗೆಯ ಇನ್ನೊಂದು ಬದಿಯಲ್ಲಿ ಗಂಟು ಕಾಣಿಸಿತು. ಈ ಸಲ ಕಲಬುರಗಿಯ ಡಾಕ್ಟರು ಜೀವ ಉಳಿಸುವ ಮಾತಾಡಲಿಲ್ಲ, ನೋವಿನ ಗುಳಿಗೆ ಬರೆದುಕೊಟ್ಟರು. ದಿನಾ ಕೆಲಸ ಮುಗಿಸಿ ಬಂದವಳು ಅವರ ಹತ್ತಿರ ಒಂದಷ್ಟು ಹೊತ್ತು ಕೂರುತ್ತಿದ್ದೆ. ಶಹಾಪುರದ ಸುದ್ದಿ ಹೇಳುತ್ತಿದ್ದೆ, ಬಸ್ಸಿನಲ್ಲಿ ಕಂಡವರ ಸುದ್ದಿ ಹೇಳುತ್ತಿದ್ದೆ. ಕೇಳುತ್ತಿದ್ದರೋ ಇಲ್ಲವೋ.

ಒಂದು ಸಂಜೆ ಪಾಟಿ ಬೇಕೆಂದು ಸನ್ನೆ ಮಾಡಿದರು. ಅಕ್ಷರ ಓರೆಯಾಗಿದ್ದವು. "ಆ ಮುದುಕೀ ದನಿ ನನಗ ಕೇಳಸವಲ್ದು."

ಒರೆಸಿ ಮತ್ತೆ ಬರೆದರು. "ಆಕಿ ಏನಂತಾಳ? ನೀ ಹೇಳು."

ಇಷ್ಟು ದಿನ ನಾನು ತಿಳಿದುಕೊಂಡಿದ್ದೆ, ಉತ್ತರ ಅವರೊಳಗೆ ಇದೆ, ಹೊರಗೆ ಬರಲು ನಾಲಿಗೆ ಇಲ್ಲ, ಅಷ್ಟೇ ಎಂದು. ಹಾಗಿರಲಿಲ್ಲ. ಅವರ ಮಂದಿ ಮಾತಾಡುತ್ತಿದ್ದುದು ಅವರ ಬಾಯಿಯಲ್ಲಿ, ಬಾಯಿಯಲ್ಲಿ ಮಾತ್ರ. ಅದು ಹೋದ ಮೇಲೆ ಒಳಗೂ ಸದ್ದಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ಸುಳ್ಳು ಹೇಳಬಹುದಿತ್ತು. ಆದರೆ ಒಮ್ಮೆ ಹೇಳಿದ ಸುಳ್ಳಿಗೆ ಅವರು ತಲೆ ಆಡಿಸಿದ್ದು ನನ್ನ ಕಣ್ಣ ಮುಂದಿತ್ತು.

"ನನಗೂ ಕೇಳಸವಲ್ದು ಕಾಕಾ" ಎಂದೆ.

ಪಾಟಿಯನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ಹೊರಳಿ ಮಲಗಿದರು. ಆಮೇಲೆ ಅವರು ಯಾರಿಗೂ ಏನನ್ನೂ ಬರೆಯಲಿಲ್ಲ. ಅದೇ ವಾರ ಹೋದರು. ಮಣ್ಣು ಮಾಡಿ ಬಂದ ಮರುದಿನ ನಾನು ಬಸ್‌ಸ್ಟ್ಯಾಂಡಿಗೆ ಹೋದಾಗ ಹೊಸ ಕಂಟ್ರೋಲರು ಯಾದಗಿರಿ ಬಸ್ಸು ಹೊರಟಿದೆ ಎಂದು ಸ್ಪಷ್ಟವಾಗಿ ಹೇಳುತ್ತಿದ್ದ. ಎಲ್ಲರಿಗೂ ತಿಳಿಯುತ್ತಿತ್ತು, ಎಲ್ಲರೂ ಸರಿಯಾದ ಬಸ್ಸನ್ನೇ ಹತ್ತುತ್ತಿದ್ದರು. ನನಗೆ ಅವನ ಮೇಲೆ ವಿನಾಕಾರಣ ಸಿಟ್ಟು ಬಂತು.

ಹಾಳೆಗಳನ್ನು ಚಿಗವ್ವ ನನಗೆ ಕೊಟ್ಟರು. ಮೂವರೂ ಒಂದು ಭಾನುವಾರ ಸೇರಿದೆವು. ಮೇಡಂ ಚಹಾ ಮಾಡಿದರು. ಮೊಬೈಲ್ ಅಂಗಡಿಯವನು ದಾಳವನ್ನು ಅಂಗೈಯಲ್ಲಿ ಹೊರಳಿಸುತ್ತ, "ಯಾರರೆ ಶುರು ಮಾಡ್ರಿ" ಎಂದ. ಯಾರೂ ಮಾಡಲಿಲ್ಲ. ಚಹಾ ಕುಡಿದು ಎದ್ದೆವು.

ಕಾಕಾನಿಂದ ನನಗೆ ಉಳಿದದ್ದು ಒಂದು ಚಾಳಿ. ಲ್ಯಾಬಿನ ಕಿಟಕಿಗೆ ಯಾರು ಬಂದು ನಿಂತರೂ, ಇವರಿಗೆ ಏನು ಬೇಕಾಗಿದೆ, ಇವರು ಯಾವುದಕ್ಕೆ ಹೆದರುತ್ತಾರೆ ಎಂದು ಮನಸ್ಸು ಕೇಳಿಕೊಳ್ಳುತ್ತದೆ. ಮೊದಲು ನನಗೆ ಸೀಸೆಯ ಮೇಲಿನ ಹೆಸರಷ್ಟೇ ಸಾಕಾಗಿತ್ತು, ಕೆಲಸ ಹಗುರಾಗಿತ್ತು. ಇದು ಅವರ ದೊಡ್ಡ ಋಣ ಎಂದು ಬಲ್ಲೆ. ಆದರೆ ಇದರಿಂದ ಇವತ್ತಿನವರೆಗೆ ಒಬ್ಬರ ರಿಪೋರ್ಟೂ ಬದಲಾಗಿಲ್ಲ. ಮೊನ್ನೆ ಒಬ್ಬ ಹೆಣ್ಣುಮಗಳು ಗಂಡನ ಕಾಗದ ಹಿಡಿದುಕೊಂಡು ಡಾಕ್ಟರ ಕೋಣೆಯಿಂದ ಹೊರಬಂದಳು. ಗಂಡ ಹೊರಗೆ ಬೇವಿನ ಮರದ ಕೆಳಗೆ ಕೂತು ದಾರಿ ನೋಡುತ್ತಿದ್ದ. ಆಕೆ ಅವನ ಹತ್ತಿರ ಹೋಗದೆ ನನ್ನ ಕಿಟಕಿಗೆ ಬಂದಳು.

"ಯಕ್ಕಾ, ಅವರಿಗ ಏನಂತ ಹೇಳ್ಲಿ?"

ಬಾಯಿ ತೆರೆದೆ. ಏನೂ ಬರಲಿಲ್ಲ.